ಸ್ಟ್ರೇಂಜರ್, ಫಾರಿನರ್, ಏಲಿಯನ್, ಇಮಿಗ್ರಂಟ್: ಎಲ್ಲಾ ಒಂದೇನಾ?

ಓದುಗರ ಪ್ರಶ್ನೆ: "ಮೇಡಂ ನಮಸ್ತೆ. ನಾನು ಒಂದು ಕಂಪನಿಯ ಎಚ್‌ಆರ್‌ನಲ್ಲಿದ್ದೀನಿ. ಕನ್ನಡ ಮೀಡಿಯಂನಲ್ಲಿ ಓದಿದವನು, ಕೆಲಸಕ್ಕೆ ಸಾಕಾಗೋಷ್ಟು ಇಂಗ್ಲಿಷ್ ಬರುತ್ತೆ. ಹೋದ ತಿಂಗಳು ಬೇರೆ ಬೇರೆ ದೇಶಗಳ ಆಫೀಸಿಂದ ಕೆಲವರು ನಮ್ಮ ಟೀಮಿಗೆ ಬಂದ್ರು. ಅವರಿಗೆ ವೆಲ್ಕಮ್ ಮೇಲ್ ನಾನೇ ಬರೆದೆ. 'ಡಿಯರ್ ಫಾರಿನರ್ಸ್' ಅಂತ ಶುರು ಮಾಡಿ, ಕೊನೇಲಿ 'ನೀವು ಇಲ್ಲಿ ಏಲಿಯನ್ಸ್ ಅಲ್ಲ' ಅಂತ ಒಂದು ಸಾಲು ಪ್ರೀತಿಯಿಂದಲೇ ಸೇರಿಸಿದ್ದೆ. ಮ್ಯಾನೇಜರ್ ಎರಡನ್ನೂ ಹೊಡೆದುಹಾಕಿದ್ರು, ಯಾಕೆ ಅಂತ ಹೇಳಲಿಲ್ಲ. ಡಿಕ್ಷನರಿ ತೆಗೆದು ನೋಡಿದ್ರೆ ಫಾರಿನರ್, ಸ್ಟ್ರೇಂಜರ್, ಏಲಿಯನ್, ಔಟ್‌ಸೈಡರ್ ಎಲ್ಲದಕ್ಕೂ ಹೆಚ್ಚುಕಮ್ಮಿ ಅದೇ ಅರ್ಥ ಕೊಟ್ಟಿದ್ದಾರೆ. ಅದೇ ವಾರ ಅಮೆರಿಕದಲ್ಲಿರೋ ನನ್ನ ತಂಗಿ ಫೋನ್ ಮಾಡಿದ್ಲು. ಟ್ಯಾಕ್ಸ್ ಕಾಗದದಲ್ಲಿ ಅವಳು 'ರೆಸಿಡೆಂಟ್ ಏಲಿಯನ್' ಅಂತೆ, ವೀಸಾ ಪ್ರಕಾರ 'ನಾನ್‌ಇಮಿಗ್ರಂಟ್' ಅಂತೆ, ಆಫೀಸಲ್ಲಿ ಯಾರೋ 'ಎಕ್ಸ್‌ಪ್ಯಾಟ್' ಅಂದ್ರಂತೆ. ಇಷ್ಟು ವರ್ಷ ಇಲ್ಲಿದ್ದು ದುಡಿದು ಟ್ಯಾಕ್ಸ್ ಕಟ್ಟಿದ್ರೂ ಬೇರೆ ಗ್ರಹದವರ ಥರ ಬರೀತಾರಲ್ಲ ಅಂತ ತುಂಬಾ ಬೇಜಾರು ಮಾಡ್ಕೊಂಡ್ಲು. ಏಲಿಯನ್ ಅನ್ನೋದು ಬೈಗುಳನಾ? ಇಮಿಗ್ರಂಟ್‌ಗೂ ಎಕ್ಸ್‌ಪ್ಯಾಟ್‌ಗೂ ಏನು ವ್ಯತ್ಯಾಸ? ಎಲ್ಲಾ ಕಡೆ ಧೈರ್ಯವಾಗಿ ಬಳಸಬಹುದಾದ ಒಂದೇ ಒಂದು ಪದ ಇದೆಯಾ?"

ಉತ್ತರ:

ಮೊದಲು ತಂಗಿ ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ನಿಜವಾಗಿ ನೊಂದಿರೋದು ಅವರು. ರೆಸಿಡೆಂಟ್ ಏಲಿಯನ್ ಅನ್ನೋದು ಬೈಗುಳ ಅಲ್ಲ. ಅದು ಅಮೆರಿಕದ ತೆರಿಗೆ ಕಾನೂನಿನ ಒಂದು ಖಾನೆ, ಆ ಖಾನೆಗೆ ಬಿದ್ದವರ ಬಗ್ಗೆ ಅಲ್ಲಿ ಯಾರೂ ಯಾವ ಅಭಿಪ್ರಾಯನೂ ಬರೆದಿಲ್ಲ. ಆದ್ರೆ ಅದೇ ಪದ ಊಟದ ಟೇಬಲ್ಲಿನ ಮುಂದೆ ಸಹೋದ್ಯೋಗಿಯೊಬ್ಬರ ಬಾಯಲ್ಲಿ ಬಂದಿದ್ರೆ ನಾನೂ ನಿಮ್ಮ ತಂಗಿ ಪರವಾಗಿ ಸಿಟ್ಟಾಗ್ತಿದ್ದೆ. ಕಾಗದದ ಮೇಲೆ ತಣ್ಣಗಿರೋ ಪದ ಮಾತಲ್ಲಿ ಬಂದಾಗ ಯಾಕೆ ಸುಡುತ್ತೆ ಅನ್ನೋದು ಅರ್ಥ ಆದ್ರೆ ನಿಮ್ಮ ಮೇಲ್‌ನ ಎರಡು ಸಾಲು ಯಾಕೆ ಹೋಯ್ತು ಅನ್ನೋದೂ ಅರ್ಥ ಆಗುತ್ತೆ.

ಅನುವಾದ ಮತ್ತೆ ಎಡಿಟಿಂಗ್ ನನ್ನ ಕೆಲಸ. ಕಂಪನಿ ಮೇಲ್, ವೀಸಾಗೆ ಕೊಡೋ ಪತ್ರ, ವರದಿ ಎಲ್ಲಾ ನೋಡ್ತೀನಿ, ಗ್ರಾಮರ್ ತಪ್ಪನ್ನ ಓದೋರು ಸುಲಭವಾಗಿ ಕ್ಷಮಿಸ್ತಾರೆ ಆದ್ರೆ ಮನುಷ್ಯರನ್ನ ಕರೆಯೋ ಪದ ತಪ್ಪಿದ್ರೆ ಮನಸ್ಸಲ್ಲಿ ಇಟ್ಕೋತಾರೆ, ಇದನ್ನ ನಾನು ಮತ್ತೆ ಮತ್ತೆ ನೋಡಿದ್ದೀನಿ. ನಿಮ್ಮ ಮ್ಯಾನೇಜರ್ ಮಾಡಿದ್ದು ಸರಿ, ಕಾರಣ ಹೇಳದೇ ಇದ್ದದ್ದು ಮಾತ್ರ ಸರಿಯಲ್ಲ.

ಡಿಕ್ಷನರಿ ನಿಮಗೆ ಸುಳ್ಳು ಹೇಳಿಲ್ಲ. ಹೊರಗಿನವರು, ಪರಕೀಯರು, ಅಪರಿಚಿತರು, ವಿದೇಶಿಯರು ಅಂತ ಅದು ಕೊಡೋ ಅರ್ಥ ಎಲ್ಲಾ ಇದೆ. ಈ ಪದಗಳೆಲ್ಲಾ ಒಂದು ಗೆರೆಯ ಆಚೆ ನಿಂತವರನ್ನ ಕರೆಯೋ ಪದಗಳೇ. ಆದ್ರೆ ಯಾವ ಗೆರೆ ಅನ್ನೋದು ಒಂದೊಂದು ಪದಕ್ಕೂ ಬೇರೆ, ಅದನ್ನ ಡಿಕ್ಷನರಿ ಹೇಳಲ್ಲ. ಪರಿಚಯದ ಗೆರೆ ಒಂದು, ದೇಶದ ಗೆರೆ ಇನ್ನೊಂದು, ಕಾನೂನಿನ ಗೆರೆ ಮತ್ತೊಂದು, ಒಂದು ಗುಂಪಿನ ಗೆರೆ ಬೇರೇನೇ. ಜೊತೆಗೆ ನಾನು ಯಾವಾಗ್ಲೂ ಕೇಳ್ಕೊಳ್ಳೋ ಇನ್ನೊಂದು ಪ್ರಶ್ನೆ ಇದೆ, ಈ ಹೆಸರು ಆ ಮನುಷ್ಯನ ಮೇಲಿಂದ ಯಾವತ್ತು ಕಳಚುತ್ತೆ ಅಂತ. ಅರ್ಥ ಅಂತ ಕೇಳಿದ್ರೆ ಎಲ್ಲಾ ಒಂದೇ ಥರ ಕಾಣುತ್ತೆ, ಕಳಚೋದು ಯಾವಾಗ ಅಂತ ಕೇಳಿದ ತಕ್ಷಣ ಪದಗಳು ಬೇರೆ ಬೇರೆ ಆಗಿ ನಿಲ್ಲುತ್ತವೆ.

ಸ್ಟ್ರೇಂಜರ್ ತಗೊಳ್ಳಿ. ಇದು ಗುರುತು ಪರಿಚಯ ಇಲ್ಲದವರು, ಅಷ್ಟೇ. ದೇಶಕ್ಕೂ ಇದಕ್ಕೂ ಸಂಬಂಧ ಇಲ್ಲ. ಪಕ್ಕದ ಮನೆಯವರೇ ಆಗಿದ್ರೂ ಒಂದು ದಿನ ಮಾತಾಡಿಲ್ಲ ಅಂದ್ರೆ ಅವರು ಸ್ಟ್ರೇಂಜರ್, ಸಾವಿರಾರು ಮೈಲಿ ಆಚೆಯ ದೇಶದಲ್ಲಿರೋ ನಿಮ್ಮ ಹಳೇ ಸ್ನೇಹಿತರು ಸ್ಟ್ರೇಂಜರ್ ಅಲ್ಲ. ಹೆಸರು ಹೇಳಿ ಹತ್ತು ನಿಮಿಷ ಮಾತಾಡಿದ್ರೆ ಈ ಪದ ಕಳಚಿಹೋಗುತ್ತೆ. ಸ್ಟ್ರೇಂಜ್ ಅಂದ್ರೆ ವಿಚಿತ್ರ, ಹಾಗಾಗಿ ಸ್ಟ್ರೇಂಜರ್ ಅಂದ್ರೆ ವಿಚಿತ್ರ ಮನುಷ್ಯ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ಅದು ತಪ್ಪು. ಲ್ಯಾಟಿನ್‌ನಲ್ಲಿ ಹೊರಗಿನದು ಅನ್ನೋ ಅರ್ಥದ ಎಕ್ಸ್ಟ್ರೇನಿಯಸ್ ಅನ್ನೋ ಪದ ಹಳೇ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದಾಗ ಸ್ಟ್ರೇಂಜ್ ಆಯ್ತು, ಹೊರಗಿನದು ಅನ್ನೋದೇ ಹಳೇ ಅರ್ಥ, ವಿಚಿತ್ರ ಅನ್ನೋದು ಆಮೇಲೆ ಸೇರಿದ್ದು. ಫ್ರೆಂಚರು ಇವತ್ತಿಗೂ ಎತ್ರಾಂಜೆ ಅನ್ನೋ ಒಂದೇ ಪದವನ್ನ ವಿದೇಶಿಯವರಿಗೂ ಹೊರಗಿನವರಿಗೂ ಬಳಸ್ತಾರೆ. ಇಂಗ್ಲಿಷ್ ಮಾತ್ರ ಆ ಕೆಲಸವನ್ನ ಎರಡು ಪದಕ್ಕೆ ಹಂಚಿಕೊಟ್ಟಿದೆ.

ಮಾತಲ್ಲಿ ಇದರ ಎರಡು ಬಳಕೆ ಗೊತ್ತಿರಲಿ. ರಸ್ತೇಲಿ ದಾರಿ ಕೇಳಿದಾಗ ಯಾರಾದ್ರೂ "ಐ ಆಮ್ ಎ ಸ್ಟ್ರೇಂಜರ್ ಹಿಯರ್ ಮೈಸೆಲ್ಫ್" ಅಂದ್ರೆ ನನಗೂ ಈ ಜಾಗ ಹೊಸದು ಅಂತ ಅರ್ಥ. ಹಳೇ ಪರಿಚಯದವರು ನಗ್ತಾ "ಹಲೋ ಸ್ಟ್ರೇಂಜರ್" ಅಂದ್ರೆ ಎಷ್ಟು ದಿನ ಆಯ್ತು ನೋಡಿ, ಪತ್ತೇನೇ ಇಲ್ಲ ಅಂತ. ಎರಡರಲ್ಲೂ ನೋಯೋಕೆ ಏನೂ ಇಲ್ಲ.

ಫಾರಿನರ್ ಅನ್ನೋದು ದೇಶದ ಗೆರೆ. ನಿಮ್ಮ ಮೇಲ್ ಎಡವಿದ್ದು ಇಲ್ಲೇ. ಪದದ ಅರ್ಥ ಪೂರ್ತಿ ಸರಿ, ಬಂದವರು ಬೇರೆ ದೇಶದವರೇ. ಆದ್ರೆ ಫಾರಿನರ್ ಅನ್ನೋದು ಸಾಮಾನ್ಯವಾಗಿ ಒಬ್ಬರ ಬಗ್ಗೆ ಮೂರನೆಯವರ ಹತ್ರ ಹೇಳೋ ಪದ, ಎದುರಿಗಿರೋರನ್ನ ಹಾಗಂತ ಕರೆಯೋ ಪದ ಅಲ್ಲ. ನಿಮ್ಮ ಮನೆಗೆ ಬಂದವರನ್ನ ಬಾಗಿಲಲ್ಲೇ "ಬನ್ನಿ ಬನ್ನಿ ಹೊರಗಿನವರೇ" ಅಂತ ಕರೆದ ಹಾಗೆ ಆಯ್ತು. ಸ್ವಾಗತ ಮಾಡೋ ಮೊದಲನೇ ಪದದಲ್ಲೇ ನೀವು ಬೇರೆ ಅಂತ ನೆನಪಿಸಿಬಿಟ್ರಿ. ನಿಮ್ಮ ಮೇಲ್‌ನ ಕೊನೆ ಸಾಲಿನ ತೊಂದರೆನೂ ಇದೇ ಜಾತಿದು, ಅವರ ತಲೇಲಿ ಇಲ್ಲದೇ ಇದ್ದ ಏಲಿಯನ್ ಅನ್ನೋ ಮಾತನ್ನ ನೀವೇ ತಂದು ಆಮೇಲೆ ಅಲ್ಲ ಅಂದ್ರಿ. ಅಲ್ಲ ಅಂದ್ರೂ ಕಿವಿಗೆ ಬೀಳೋದು ಆ ಪದನೇ.

ಫಾರಿನ್ ಅನ್ನೋದು ಕೆಟ್ಟ ಪದ ಅಂತ ಮಾತ್ರ ಅಂದ್ಕೋಬೇಡಿ. ಫಾರಿನ್ ಪಾಲಿಸಿ, ಫಾರಿನ್ ಎಕ್ಸ್‌ಚೇಂಜ್, ಫಾರಿನ್ ಲ್ಯಾಂಗ್ವೇಜ್ ಎಲ್ಲಾ ಇವತ್ತಿಗೂ ಸಹಜವಾಗಿ ನಡೆಯುತ್ತೆ, ವಸ್ತುವಿಗೆ ವಿಷಯಕ್ಕೆ ಇದು ತೊಂದರೆ ಕೊಡಲ್ಲ. ಮನುಷ್ಯರಿಗೆ ಅಂಟಿಸಿದಾಗ ಒಂದು ಚಳಿ ಬರುತ್ತೆ. ಡಾಕ್ಟರು ಕಣ್ಣಲ್ಲಿ ಬಿದ್ದ ಕಸವನ್ನೂ ಫಾರಿನ್ ಬಾಡಿ ಅಂತಾರೆ, ಅಂದ್ರೆ ಇಲ್ಲಿ ಇರಬಾರದಾಗಿದ್ದು ಅನ್ನೋ ನೆರಳೂ ಈ ಪದಕ್ಕಿದೆ. ಇದನ್ನ ಗಂಭೀರವಾಗಿ ತಗೊಂಡವರಲ್ಲಿ ಸಿಎನ್‌ಎನ್ ಶುರು ಮಾಡಿದ ಟೆಡ್ ಟರ್ನರ್ ಒಬ್ಬರು, 1990ರಲ್ಲಿ ತಮ್ಮ ಚಾನೆಲ್‌ನವರಿಗೆ ಫಾರಿನ್ ಅನ್ನೋದು ಬೇಡ ಇಂಟರ್‌ನ್ಯಾಷನಲ್ ಅನ್ನಿ ಅಂತ ಆದೇಶ ಮಾಡಿದ್ರು. ಫಾರಿನ್ ಸ್ಟೂಡೆಂಟ್ ಅನ್ನೋದು ಯೂನಿವರ್ಸಿಟಿಗಳಲ್ಲಿ ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಗಿರೋದೂ ಇದೇ ಕಾರಣಕ್ಕೆ.

ಒಂದು ಪಕ್ಕದ ಮಾತು, ಕನ್ನಡ ಮಾತಾಡೋರಿಗೆ ಇದು ತುಂಬಾ ಬೇಕು. ನಾವು ಫಾರಿನ್ ಅನ್ನೋದನ್ನ ಒಂದು ಜಾಗದ ಹೆಸರು ಮಾಡ್ಕೊಂಡಿದ್ದೀವಿ, ಫಾರಿನ್‌ಗೆ ಹೋದ, ಫಾರಿನ್‌ನಲ್ಲಿದ್ದಾಳೆ ಅಂತ. ಕನ್ನಡದಲ್ಲಿ ಅದು ನಮ್ಮದೇ ಪದ ಆಗಿಹೋಗಿದೆ, ನನಗೇನೂ ತಕರಾರಿಲ್ಲ. ಇಂಗ್ಲಿಷಲ್ಲಿ ಬರೆಯೋವಾಗ ಅಲ್ಲಿ ಬರಬೇಕಾದ್ದು ಅಬ್ರಾಡ್. ಹಾಗೇ ನಾವು ಅವರ ದೇಶಕ್ಕೆ ಹೋದಾಗ ಅಲ್ಲಿಯವರನ್ನ ಫಾರಿನರ್ಸ್ ಅನ್ನೋ ಅಭ್ಯಾಸನೂ ಇದೆ. ಆ ನೆಲದಲ್ಲಿ ಫಾರಿನರ್ ನಾವು. ಈ ಪದ ಮಾತಾಡೋರು ನಿಂತ ಜಾಗದ ಮೇಲೆ ತಿರುಗುತ್ತೆ, ವಿಮಾನ ಇಳಿದ ತಕ್ಷಣ ಒಬ್ಬರ ಮೇಲಿಂದ ಕಳಚಿ ಇನ್ನೊಬ್ಬರಿಗೆ ಅಂಟಿಕೊಳ್ಳುತ್ತೆ.

ತಿರುಗೋದು ಅಂದೆನಲ್ಲ, ಇತಿಹಾಸದಲ್ಲಿ ತಿರುಗದೇ ಸಿಕ್ಕಿಹಾಕಿಕೊಂಡದ್ದೂ ಇದೆ. ಬ್ರಿಟನ್ನಿನ ವೇಲ್ಸ್ ಮತ್ತೆ ವೆಲ್ಶ್ ಅನ್ನೋ ಹೆಸರು ಬಂದಿರೋದು ಹಳೇ ಇಂಗ್ಲಿಷಿನ ವಾಲ್ಹ್ ಅನ್ನೋ ಪದದಿಂದ, ಅದರ ಅರ್ಥ ಪರಕೀಯ. ಆ ದ್ವೀಪದಲ್ಲಿ ಮೊದಲಿಂದ ಇದ್ದವರು ವೆಲ್ಶರ ಪೂರ್ವಿಕರು, ಸಮುದ್ರ ದಾಟಿ ಆಮೇಲೆ ಬಂದವರು ಆಂಗ್ಲೋ ಸ್ಯಾಕ್ಸನ್ನರು. ಬಂದವರು ಇದ್ದವರನ್ನ ಪರಕೀಯರು ಅಂದ್ರು, ಅದೇ ಹೆಸರು ಇವತ್ತಿಗೂ ಭೂಪಟದಲ್ಲಿದೆ. ವಾಲ್‌ನಟ್‌ನಲ್ಲೂ ಅದೇ ವಾಲ್ಹ್ ಕೂತಿದೆ, ಪರದೇಶದ ಕಾಯಿ ಅಂತ. ಯಾರು ಹೊರಗಿನವರು ಅನ್ನೋದನ್ನ ಯಾರು ಮೊದಲು ಬಂದ್ರು ಅನ್ನೋದಕ್ಕಿಂತ ಯಾರ ಭಾಷೆ ಗೆದ್ದಿತು ಅನ್ನೋದು ತೀರ್ಮಾನ ಮಾಡಿರೋದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ.

ಔಟ್‌ಸೈಡರ್ ಬಗ್ಗೆ ಬೇಗ ಹೇಳಿಬಿಡ್ತೀನಿ. ಇದು ಗುಂಪಿನ ಗೆರೆ. ಒಳಗಿನವರು ಅಂತ ಒಂದು ಗುಂಪು ಇದ್ರೆ ಮಾತ್ರ ಔಟ್‌ಸೈಡರ್ ಇರೋಕೆ ಸಾಧ್ಯ. ಎಲ್ಲರಿಗೂ ಪರಿಚಯ ಇದ್ದು, ಅದೇ ದೇಶದವರೇ ಆಗಿದ್ದು, ಮೂವತ್ತು ವರ್ಷ ಜೊತೆಗೇ ಕೆಲಸ ಮಾಡಿದ್ರೂ ಒಬ್ಬರು ಔಟ್‌ಸೈಡರ್ ಆಗೇ ಉಳೀಬಹುದು, ಗುಂಪು ಒಳಗೆ ಬಿಟ್ಟುಕೊಳ್ಳೋ ತನಕ ಇದು ಕಳಚಲ್ಲ. ಅದಕ್ಕೇ ಈ ಸಾಲಿನಲ್ಲಿ ಮನಸ್ಸಿಗೆ ಹೆಚ್ಚು ತಾಗೋದು ಇದೇ ಅಂತ ನನ್ನ ಅಭಿಪ್ರಾಯ. ತಮ್ಮನ್ನ ತಾವು ಕರೆದುಕೊಂಡ್ರೆ ಒಂದು ಹೆಮ್ಮೆ ಇರುತ್ತೆ, ಇನ್ನೊಬ್ಬರನ್ನ ಕರೆದ್ರೆ ಬಾಗಿಲು ಹಾಕಿದ ಹಾಗೆ. ರೇಸ್ ಕುದುರೆ ವಿಷಯದಲ್ಲಿ ಮಾತ್ರ ಗೆಲ್ಲುತ್ತೆ ಅಂತ ಯಾರೂ ನಂಬದ ಕುದುರೆ ಅಂತ ಅರ್ಥ.

ಈಗ ಏಲಿಯನ್‌ಗೆ ಬರೋಣ. ಸಿನಿಮಾ ನೋಡಿ ಬೆಳೆದ ನಮಗೆ ಏಲಿಯನ್ ಅಂದ ತಕ್ಷಣ ದೊಡ್ಡ ಕಣ್ಣಿನ ಹಸಿರು ಮುಖ ನೆನಪಾಗುತ್ತೆ, ಹಾಗಾಗಿ ಕಾನೂನಿನವರು ಬಾಹ್ಯಾಕಾಶದ ಪದವನ್ನ ಮನುಷ್ಯರಿಗೆ ಅಂಟಿಸಿದ್ದಾರೆ ಅಂತ ನಿಮ್ಮ ತಂಗಿ ಅಂದ್ಕೊಂಡ ಹಾಗಿದೆ. ನಡೆದದ್ದು ತಿರುಗಾಮುರುಗಾ. ಲ್ಯಾಟಿನ್‌ನಲ್ಲಿ ಏಲಿಯಸ್ ಅಂದ್ರೆ ಇನ್ನೊಂದು, ಏಲಿಯನಸ್ ಅಂದ್ರೆ ಇನ್ನೊಬ್ಬರಿಗೆ ಸೇರಿದ್ದು. ಅಲಿಬೈ, ಏಲಿಯಾಸ್ ಎಲ್ಲಾ ಇದೇ ಬಳಗ. ಇನ್ನೊಂದು ರಾಜ್ಯಕ್ಕೆ ಸೇರಿದವರು ಅನ್ನೋ ಅರ್ಥದಲ್ಲಿ ಇದು ಶತಮಾನಗಳಿಂದ ಕಾನೂನಲ್ಲಿದೆ, ಅಮೆರಿಕದವರು 1798ರಲ್ಲೇ ಏಲಿಯನ್ ಎನಿಮೀಸ್ ಆಕ್ಟ್ ಅಂತ ಕಾಯಿದೆ ಮಾಡಿದ್ರು. ಬೇರೆ ಗ್ರಹದ ಜೀವಿಗೆ ಈ ಪದ ರೂಢಿಯಾದದ್ದು ಇಪ್ಪತ್ತನೇ ಶತಮಾನದ ಕಥೆಗಳಿಂದ. ಭಾರತದ ಸಂವಿಧಾನದ 22ನೇ ವಿಧಿಯ ಇಂಗ್ಲಿಷ್ ಪಾಠದಲ್ಲೂ ಎನಿಮಿ ಏಲಿಯನ್ ಅನ್ನೋ ಮಾತಿದೆ, ಶತ್ರು ದೇಶದ ಪ್ರಜೆ ಅಂತ.

ಅಮೆರಿಕದ 1952ರ ಇಮಿಗ್ರೇಷನ್ ಕಾನೂನಿನಲ್ಲಿ ಏಲಿಯನ್ ಅಂದ್ರೆ ಅಮೆರಿಕದ ಸಿಟಿಜನ್ ಅಥವಾ ನ್ಯಾಷನಲ್ ಅಲ್ಲದ ಯಾವುದೇ ವ್ಯಕ್ತಿ, ಅಷ್ಟೇ ವ್ಯಾಖ್ಯಾನ. ನೊಬೆಲ್ ಬಂದ ವಿಜ್ಞಾನಿ ಅಲ್ಲಿಗೆ ಕೆಲಸಕ್ಕೆ ಹೋದ್ರೂ ಆ ಕಾನೂನಿಗೆ ಏಲಿಯನ್ನೇ, ಏಲಿಯನ್ ಆಫ್ ಎಕ್ಸ್ಟ್ರಾರ್ಡಿನರಿ ಎಬಿಲಿಟಿ ಅಂತ ಮೇಲೆ ಒಂದು ವಿಶೇಷಣ ಸೇರುತ್ತೆ. ಸಿಟಿಜನ್ ಆಗೋ ಪ್ರಮಾಣ ಮಾಡಿದ ದಿನ ಈ ಪದ ಪೂರ್ತಿ ಕಳಚುತ್ತೆ. ಆದ್ರೆ ಅದೇ ಪದ ಇಲ್ಲೀಗಲ್ ಅನ್ನೋದರ ಜೊತೆ ಸೇರಿ ರಾಜಕೀಯ ಭಾಷಣಗಳಲ್ಲಿ ಉರುಳಾಡಿ ಉರುಳಾಡಿ ಒರಟಾಗಿದೆ, ಅದನ್ನ ಅಲ್ಲಿಯವರೂ ಒಪ್ತಾರೆ. ಕ್ಯಾಲಿಫೋರ್ನಿಯಾ 2015ರಲ್ಲಿ ತನ್ನ ಕಾರ್ಮಿಕ ಕಾನೂನಿಂದ ಏಲಿಯನ್ ಪದ ತೆಗೆಯೋ ಕಾಯಿದೆ ಮಾಡ್ತು. ಬೈಡನ್ ಸರ್ಕಾರ 2021ರಲ್ಲಿ ಇಮಿಗ್ರೇಷನ್ ಇಲಾಖೆಗಳಿಗೆ ನಾನ್‌ಸಿಟಿಜನ್ ಅಂತ ಬಳಸಿ ಅಂದಿತ್ತು, 2025ರಲ್ಲಿ ಸರ್ಕಾರ ಬದಲಾದ ಮೇಲೆ ಏಲಿಯನ್ ವಾಪಸ್ ಬಂತು. ಮಧ್ಯದಲ್ಲಿ 1952ರ ಕಾನೂನಿನ ವ್ಯಾಖ್ಯಾನ ಹಾಗೇ ಇತ್ತು.

ನಿಮ್ಮ ತಂಗಿಗೆ ಇದೊಂದು ವಿಷಯ ಖಂಡಿತ ಹೇಳಿ, ಅವರದೇ ಪಾಸ್‌ಪೋರ್ಟ್ ಹಿಡಿದು ಲಂಡನ್ನಿಗೆ ಹೋದ್ರೆ ಅವರು ಏಲಿಯನ್ ಅಲ್ಲ. ಬ್ರಿಟನ್ನಿನ 1981ರ ನ್ಯಾಷನಾಲಿಟಿ ಕಾಯಿದೆ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳನ್ನ ಮತ್ತೆ ಐರ್ಲೆಂಡಿನವರನ್ನ ಏಲಿಯನ್ ಅನ್ನೋದರಿಂದ ಹೊರಗಿಟ್ಟಿದೆ, ಭಾರತ ಕಾಮನ್‌ವೆಲ್ತ್‌ನಲ್ಲಿದೆ. ಹಾಗಂತ ವೀಸಾ ಬೇಡ ಅಂತಲ್ಲ, ಬೇಕೇ ಬೇಕು. ಅಲ್ಲಿ ಕಾನೂನುಬದ್ಧವಾಗಿ ವಾಸ ಇರೋ ಕಾಮನ್‌ವೆಲ್ತ್ ಪ್ರಜೆಗಳು ಓಟು ಕೂಡ ಹಾಕಬಹುದು. ಮನುಷ್ಯ ಅದೇ, ಪಾಸ್‌ಪೋರ್ಟ್ ಅದೇ, ಗಡಿ ಬದಲಾದ್ರೆ ಪದ ಬದಲಾಯ್ತು. ಮನುಷ್ಯರ ಗುಣದ ಬಗ್ಗೆ ಹೇಳೋ ಪದ ಹೀಗೆ ಬದಲಾಗೋಕೆ ಸಾಧ್ಯನಾ?

ಇನ್ನು ರೆಸಿಡೆಂಟ್ ಏಲಿಯನ್ ಮತ್ತೆ ನಾನ್‌ಇಮಿಗ್ರಂಟ್ ಎರಡೂ ಒಟ್ಟಿಗೆ ಹೇಗೆ ಅನ್ನೋದು. ಇವು ಎರಡು ಬೇರೆ ಬೇರೆ ಕಾನೂನಿನ ಪದಗಳು, ಒಂದಕ್ಕೊಂದು ಮಾತಾಡ್ಕೊಂಡು ಇಟ್ಟ ಹೆಸರಲ್ಲ. ತಂಗಿ ಎಚ್-1ಬಿ, ಅಂದ್ರೆ ತಾತ್ಕಾಲಿಕ ಕೆಲಸದ ವೀಸಾ ಮೇಲಿದ್ದಾರೆ ಅಂತ ಅಂದಾಜು ಮಾಡಿ ಹೇಳ್ತೀನಿ. ತೆರಿಗೆ ಕಾನೂನು ಕೇಳೋದು ನೀವು ಎಷ್ಟು ದಿನ ಇಲ್ಲಿ ಇದ್ರಿ ಅಂತ. ಆ ವರ್ಷ ಕನಿಷ್ಠ 31 ದಿನ ಇದ್ದು, ಆ ವರ್ಷದ ಎಲ್ಲಾ ದಿನ, ಹಿಂದಿನ ವರ್ಷದ ದಿನಗಳ ಮೂರನೇ ಒಂದು ಭಾಗ, ಅದರ ಹಿಂದಿನ ವರ್ಷದ ಆರನೇ ಒಂದು ಭಾಗ ಕೂಡಿಸಿ 183 ಆದ್ರೆ ಸಾಮಾನ್ಯವಾಗಿ ರೆಸಿಡೆಂಟ್ ಏಲಿಯನ್, ಇಲ್ಲಾಂದ್ರೆ ನಾನ್‌ರೆಸಿಡೆಂಟ್ ಏಲಿಯನ್. ಓದೋಕೆ ಎಫ್-1 ಅನ್ನೋ ಸ್ಟೂಡೆಂಟ್ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಮೊದಲ 5 ಕ್ಯಾಲೆಂಡರ್ ವರ್ಷದ ದಿನಗಳನ್ನ ಈ ಲೆಕ್ಕಕ್ಕೆ ಹಿಡಿಯಲ್ಲ, ಆಗ ಅವರು ತುಂಬೋದು 1040-ಎನ್‌ಆರ್ ಅನ್ನೋ ಬೇರೆ ಫಾರ್ಮ್. ತಂಗಿ ಅಲ್ಲೇ ಓದಿ ಕೆಲಸಕ್ಕೆ ಸೇರಿದವರಾದ್ರೆ ಒಂದು ಕಾಲಕ್ಕೆ ನಾನ್‌ರೆಸಿಡೆಂಟ್ ಆಗಿದ್ದು ಈಗ ರೆಸಿಡೆಂಟ್ ಆಗಿರ್ತಾರೆ. ಅಂದ್ರೆ ಅವರನ್ನ ನೋಯಿಸಿದ ಆ ಎರಡು ಪದದಲ್ಲಿ ಮೊದಲನೇದು, ಇಲ್ಲೇ ವಾಸ ಇರೋರು ಅಂತ ಒಪ್ಪಿಕೊಂಡ ಪದ.

ಇಮಿಗ್ರೇಷನ್ ಕಾನೂನು ಕೇಳೋದು ದಿನದ ಲೆಕ್ಕ ಅಲ್ಲ, ಯಾವ ಬಾಗಿಲಿಂದ ಬಂದ್ರಿ ಅಂತ. ಅಲ್ಲಿ ಇಮಿಗ್ರಂಟ್ ಅಂದ್ರೆ ಶಾಶ್ವತವಾಗಿ ನೆಲೆಸೋಕೆ ಬಂದವರು. ಆ ಕಾನೂನು ಒಂದು ದೊಡ್ಡ ಪಟ್ಟಿ ಮಾಡಿ ಟೂರಿಸ್ಟು, ಸ್ಟೂಡೆಂಟು, ಎಚ್-1ಬಿ ಹೀಗೆ ತಾತ್ಕಾಲಿಕವಾಗಿ ಬರೋರನ್ನೆಲ್ಲಾ ನಾನ್‌ಇಮಿಗ್ರಂಟ್ ಅಂತ ಹೆಸರಿಸಿ, ಈ ಪಟ್ಟೀಲಿ ಇಲ್ಲದ ಎಲ್ಲಾ ಏಲಿಯನ್ನರೂ ಇಮಿಗ್ರಂಟ್ ಅನ್ನುತ್ತೆ. ಟೂರಿಸ್ಟ್ ವೀಸಾ, ಸ್ಟೂಡೆಂಟ್ ವೀಸಾ ಕೇಳಿದವರಿಗೆ 214ಬಿ ಸೆಕ್ಷನ್ ಪ್ರಕಾರ ವೀಸಾ ಇಲ್ಲ ಅಂತ ಚೀಟಿ ಕೊಟ್ಟು ಕಳಿಸ್ತಾರಲ್ಲ, ಅದೂ ಇಲ್ಲಿಂದಲೇ. ನೀವು ಅಲ್ಲೇ ಉಳಿಯಲ್ಲ ಅಂತ ನಮಗೆ ಮನವರಿಕೆ ಆಗಲಿಲ್ಲ ಅನ್ನೋದು ಅದರ ಸಾರ. ಹಾಗಾಗಿ ಹತ್ತು ವರ್ಷದಿಂದ ಎಚ್-1ಬಿ ಮೇಲಿದ್ದು, ಮನೆ ಮಾಡಿ, ಗ್ರೀನ್ ಕಾರ್ಡ್ ಸಾಲಲ್ಲಿ ನಿಂತವರೂ ಕಾಗದದ ಪ್ರಕಾರ ನಾನ್‌ಇಮಿಗ್ರಂಟ್. ಪಕ್ಕದ ಮನೆಯವರ ಮಾತಿನ ಪ್ರಕಾರ ಇಮಿಗ್ರಂಟ್. ಎರಡೂ ಸರಿ, ಒಂದನ್ನ ಇನ್ನೊಂದರ ಜಾಗದಲ್ಲಿ ಬರೆದ್ರೆ ಮಾತ್ರ ತಪ್ಪು.

ಮಾತಿನ ಇಮಿಗ್ರಂಟ್ ಬಗ್ಗೆ ಎರಡು ಮಾತು. ಎಮಿಗ್ರಂಟ್ ಮತ್ತೆ ಇಮಿಗ್ರಂಟ್ ಒಬ್ಬರೇ ಮನುಷ್ಯ, ಬಿಟ್ಟು ಹೋದ ದೇಶದಿಂದ ನೋಡಿದ್ರೆ ಎಮಿಗ್ರಂಟ್, ಹೋಗಿ ಸೇರಿದ ದೇಶದಿಂದ ನೋಡಿದ್ರೆ ಇಮಿಗ್ರಂಟ್. ಸಿಟಿಜನ್ ಆದ್ರೆ ಏಲಿಯನ್ ಕಳಚುತ್ತೆ ಆದ್ರೆ ಮಾತಲ್ಲಿ ಇಮಿಗ್ರಂಟ್ ಅನ್ನೋದು ಜೀವನಪೂರ್ತಿ ಉಳಿಯುತ್ತೆ, ಯಾಕಂದ್ರೆ ವಲಸೆ ಬಂದದ್ದು ನಡೆದುಹೋದ ಘಟನೆ. ಅಲ್ಲೇ ಹುಟ್ಟಿದ ಮಕ್ಕಳಿಗೂ ಸೆಕೆಂಡ್ ಜನರೇಷನ್ ಇಮಿಗ್ರಂಟ್ ಅಂತ ಬರೀತಾರೆ, ನಾನು ಎಡಿಟ್ ಮಾಡೋವಾಗ ಅದನ್ನ ಬಿಡಲ್ಲ. ಆ ಮಗು ಎಲ್ಲಿಂದಲೂ ವಲಸೆ ಬಂದಿಲ್ಲ, ಇಮಿಗ್ರಂಟ್‌ಗಳ ಮಗು ಅಂತ ಬರೀಬಹುದು. ಇಲ್ಲೀಗಲ್ ಇಮಿಗ್ರಂಟ್ ಅನ್ನೋದನ್ನ ಎಪಿ ಸುದ್ದಿಸಂಸ್ಥೆ 2013ರಲ್ಲಿ ತನ್ನ ಸ್ಟೈಲ್‌ಬುಕ್ಕಿಂದ, ಅಂದ್ರೆ ಸುದ್ದಿ ಬರೆಯೋರು ಪಾಲಿಸೋ ಪದಗಳ ನಿಯಮದ ಪುಸ್ತಕದಿಂದ, ಕೈಬಿಡ್ತು, ಇಲ್ಲೀಗಲ್ ಅನ್ನೋದು ಮಾಡಿದ ಕೆಲಸಕ್ಕೆ ಇರಲಿ ಮನುಷ್ಯನಿಗೆ ಬೇಡ ಅನ್ನೋದು ಅವರ ನಿಲುವು, ನನಗೂ ಅದು ಸರಿ ಅನ್ಸುತ್ತೆ.

ಎಕ್ಸ್‌ಪ್ಯಾಟ್ ಅನ್ನೋದು ಎಕ್ಸ್‌ಪ್ಯಾಟ್ರಿಯೇಟ್‌ನ ಮೊಟಕು, ಲ್ಯಾಟಿನ್‌ನ ಪಾಟ್ರಿಯಾ ಅಂದ್ರೆ ತಾಯ್ನಾಡು, ಅದರಿಂದ ಆಚೆ ಇರೋರು. ಪೇಟ್ರಿಯಟ್‌ಗೆ ಎಕ್ಸ್ ಸೇರಿಸಿ ಮಾಜಿ ದೇಶಭಕ್ತ ಅನ್ನೋ ಹಾಗೆ ಸ್ಪೆಲ್ಲಿಂಗ್ ಬರೆಯೋರಿದ್ದಾರೆ, ಅದು ತಪ್ಪು, ದೇಶಭಕ್ತಿಗೂ ಇದಕ್ಕೂ ಸಂಬಂಧ ಇಲ್ಲ. ಎಚ್‌ಆರ್ ಭಾಷೇಲಿ ಇದರ ಅರ್ಥ ಖಚಿತ, ಕಂಪನಿಯೇ ಒಂದು ಅವಧಿಗೆ ಬೇರೆ ದೇಶಕ್ಕೆ ಕಳಿಸಿದವರು, ಅವಧಿ ಮುಗಿದ್ರೆ ವಾಪಸ್. ಆ ಅರ್ಥದಲ್ಲಿ ನೀವು ಧಾರಾಳವಾಗಿ ಬಳಸಿ. ಆದ್ರೆ ಮಾತಲ್ಲಿ ಇದು ಹಣ, ಮೈಬಣ್ಣ, ಹುದ್ದೆ ನೋಡ್ಕೊಂಡು ಹಂಚಿಕೆ ಆಗುತ್ತೆ. ಶ್ರೀಮಂತ ದೇಶದಿಂದ ಬಂದ ಮ್ಯಾನೇಜರು ಇಪ್ಪತ್ತು ವರ್ಷ ಅಲ್ಲೇ ಇದ್ರೂ ಎಕ್ಸ್‌ಪ್ಯಾಟ್, ಬಡ ದೇಶದಿಂದ ಎರಡು ವರ್ಷದ ಕಾಂಟ್ರ್ಯಾಕ್ಟ್ ಮೇಲೆ ಕಟ್ಟಡ ಕೆಲಸಕ್ಕೆ ಬಂದವರು ಮೈಗ್ರಂಟ್ ವರ್ಕರ್. ನಿಜ ಹೇಳಬೇಕಂದ್ರೆ ತಾತ್ಕಾಲಿಕವಾಗಿ ಬಂದವರು ಎರಡನೆಯವರೇ. ಈ ತಾರತಮ್ಯ ಪದದ ಅರ್ಥದಲ್ಲಿಲ್ಲ, ಬಳಸೋರಲ್ಲಿದೆ, ಹಾಗಾಗಿ ಬರೆಯೋರು ಎಚ್ಚರ ಇಟ್ಕೋಬೇಕು. ತಂಗಿಗೆ ಯಾರೋ ಎಕ್ಸ್‌ಪ್ಯಾಟ್ ಅಂದದ್ದು ಬಹುಶಃ ಗೌರವ ಅಂದ್ಕೊಂಡೇ. ಆದ್ರೆ ಅಲ್ಲೇ ನೆಲೆಸಬೇಕು ಅನ್ನೋ ಆಸೆ ಇರೋರಿಗೆ ಅದು, ನೀವು ಹೇಗೂ ಹೊರಡೋರು ತಾನೇ ಅಂತ ಕೇಳಿಸಬಹುದು.

ನೀವು ಕೇಳಲಿಲ್ಲ, ಆದ್ರೂ ರೆಫ್ಯೂಜಿ ಬಗ್ಗೆ ಹೇಳಲೇಬೇಕು, ಯಾಕಂದ್ರೆ ಇಲ್ಲಿ ಪದ ತಪ್ಪಿದ್ರೆ ಒಬ್ಬರ ಪ್ರಾಣದ ಪ್ರಶ್ನೆ. ಫ್ರಾನ್ಸಿನ ದೊರೆ 1685ರಲ್ಲಿ ಪ್ರಾಟೆಸ್ಟೆಂಟರಿಗೆ ಧಾರ್ಮಿಕ ಹಕ್ಕು ಕೊಟ್ಟಿದ್ದ ನಾಂಟ್ ಶಾಸನ ರದ್ದು ಮಾಡಿದಾಗ ಓಡಿಬಂದ ಪ್ರಾಟೆಸ್ಟೆಂಟರಿಗಾಗಿ ಇಂಗ್ಲಿಷಿನಲ್ಲಿ ಬಳಕೆಗೆ ಬಂದ ಪದ ಇದು. ಇವತ್ತು ಇದಕ್ಕೆ 1951ರ ವಿಶ್ವಸಂಸ್ಥೆ ಒಪ್ಪಂದದ ಬಿಗಿಯಾದ ವ್ಯಾಖ್ಯಾನ ಇದೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ಸಾಮಾಜಿಕ ಗುಂಪಿಗೆ ಸೇರಿರೋದು, ರಾಜಕೀಯ ಅಭಿಪ್ರಾಯ, ಈ ಐದರಲ್ಲಿ ಒಂದು ಕಾರಣಕ್ಕೆ ಕಿರುಕುಳ ಆಗುತ್ತೆ ಅನ್ನೋ ಆಧಾರ ಇರೋ ಭಯದಿಂದ ತನ್ನ ದೇಶದ ಹೊರಗಿರೋರು, ವಾಪಸ್ ಹೋಗೋಕೆ ಆಗದವರು. ಪ್ರವಾಹದಲ್ಲಿ ಮನೆ ಕಳ್ಕೊಂಡು ಅದೇ ದೇಶದ ಇನ್ನೊಂದು ಕಡೆ ಟೆಂಟಿನಲ್ಲಿರೋರನ್ನ ನಾವು ಕನ್ನಡದಲ್ಲಿ ನಿರಾಶ್ರಿತರು ಅಂತೀವಿ, ಅದನ್ನ ಇಂಗ್ಲಿಷಿಗೆ ರೆಫ್ಯೂಜಿ ಅಂತ ಬರೆದ್ರೆ ಈ ವ್ಯಾಖ್ಯಾನಕ್ಕೆ ಹೊಂದಲ್ಲ, ಅವರು ಡಿಸ್‌ಪ್ಲೇಸ್ಡ್. ರಕ್ಷಣೆ ಕೇಳಿ ಅರ್ಜಿ ಹಾಕಿ ತೀರ್ಮಾನಕ್ಕೆ ಕಾಯ್ತಿರೋರು ಅಸೈಲಂ ಸೀಕರ್, ತೀರ್ಮಾನ ಬಂದ ದಿನ ಆ ಪದ ಕಳಚುತ್ತೆ.

ಮೈಗ್ರಂಟ್ ಅನ್ನೋದು ಎಲ್ಲರನ್ನೂ ಒಳಗೆ ಹಾಕ್ಕೊಳ್ಳೋ ದೊಡ್ಡ ಕೊಡೆ ಅಂತ ತುಂಬಾ ಜನ ಅದನ್ನೇ ಸೇಫ್ ಅಂದ್ಕೋತಾರೆ, ದೇಶದೊಳಗೇ ಜಾಗ ಬದಲಾಯಿಸಿದವರಿಗೂ ಅದು ನಡೆಯುತ್ತೆ. ಆದ್ರೆ ಯುದ್ಧದಿಂದ ಓಡಿ ದೋಣಿ ಹತ್ತಿದವರಿಗೆ ಮೈಗ್ರಂಟ್ ಅಂದ್ರೆ ಏನೋ ಒಳ್ಳೇ ಸಂಬಳಕ್ಕೆ ಹೊರಟ ಹಾಗೆ ಕೇಳಿಸುತ್ತೆ. ಅಲ್ ಜಜೀರಾ ಇಂಗ್ಲಿಷ್ 2015ರಲ್ಲಿ ಮೆಡಿಟರೇನಿಯನ್ ದಾಟೋರಿಗೆ ಆ ಪದ ಬಳಸೋದು ನಿಲ್ಲಿಸ್ತೀವಿ ಅಂತ ಹೇಳಿದ್ದು ಇದಕ್ಕೇ.

ಇನ್ನು ನಿಮ್ಮ ಕೊನೇ ಪ್ರಶ್ನೆ. ಎಲ್ಲಾ ಕಡೆ ನಡೆಯೋ ಒಂದೇ ಪದ ಇಲ್ಲ. ನಿಮ್ಮ ಮುಂದೆ ಇರೋ ದಾರಿಗಳು ಇವು. ಇಂಟರ್‌ನ್ಯಾಷನಲ್ ಅಂತ ಬಳಸಬಹುದು, ಇಂಟರ್‌ನ್ಯಾಷನಲ್ ಕೊಲೀಗ್ಸ್ ಚೆನ್ನಾಗೇ ಇದೆ, ಆದ್ರೆ ಮುಂದೆ ಒಂದು ನಾಮಪದ ಬೇಕು, ಬರೀ ಇಂಟರ್‌ನ್ಯಾಷನಲ್ಸ್ ಅಂದ್ರೆ ಫುಟ್‌ಬಾಲ್ ಆಟಗಾರರ ಹಾಗೆ ಕೇಳಿಸುತ್ತೆ. ಓವರ್‌ಸೀಸ್ ಮೃದುವಾಗಿದೆ, ಬಂದವರು ನೆಲದ ಗಡಿ ದಾಟಿ ಬಂದವರಾದ್ರೆ ಸ್ವಲ್ಪ ಬೆಸ ಅನ್ಸುತ್ತೆ. ನ್ಯೂಕಮರ್ ಬೆಚ್ಚಗಿರೋ ಪದ, ದೇಶ ಕಾನೂನು ಎರಡನ್ನೂ ಮುಟ್ಟಲ್ಲ, ಆದ್ರೆ ಬಂದು ವರ್ಷಗಳಾದವರಿಗೆ ಹೇಳಿದ್ರೆ ನಿಮ್ಮನ್ನ ಇನ್ನೂ ಸೇರಿಸಿಕೊಂಡಿಲ್ಲ ಅಂದ ಹಾಗೆ. ವಿಸಿಟರ್ ಅಂದ್ರೆ ಬೇಗ ಹೋಗೋರು ಅನ್ನೋ ಸೂಚನೆ ಇದೆ. ನಾನ್‌ಸಿಟಿಜನ್ ನಿಯಮ ಬರೆಯೋಕೆ ಸರಿ, ಸ್ವಾಗತಕ್ಕೆ ಒಣ. ಯಾವ ದೇಶದಿಂದ ಬಂದವರು ಅಂತ ದೇಶದ ಹೆಸರೇ ಬರೆಯೋದು ಎಷ್ಟೋ ಸಲ ಎಲ್ಲಕ್ಕಿಂತ ಒಳ್ಳೇದು, ಒಂದೇ ಅಪಾಯ ಅಂದ್ರೆ ವಾಸದ ದೇಶ ಮತ್ತೆ ಪೌರತ್ವದ ದೇಶ ಬೇರೆ ಇರಬಹುದು, ಸಿಂಗಾಪುರ ಆಫೀಸಿಂದ ಬಂದವರೆಲ್ಲಾ ಸಿಂಗಾಪುರದವರಲ್ಲ. ಸಿಂಗಾಪುರ ಆಫೀಸಿಂದ ಅಂತಲೇ ಬರೆದ್ರೆ ಆ ತೊಂದರೆನೂ ಇಲ್ಲ.

ಆದ್ರೆ ನಿಮ್ಮ ಮೇಲ್‌ಗೆ ಇದ್ಯಾವುದೂ ಬೇಕಿರಲಿಲ್ಲ. ಬಂದವರು ಕೆಲವೇ ಜನ ತಾನೇ, "ಡಿಯರ್" ಆದ ಮೇಲೆ ಅವರವರ ಹೆಸರು ಬರೀರಿ, ಇಲ್ಲಾ "ಡಿಯರ್ ಕೊಲೀಗ್ಸ್" ಅನ್ನಿ. ಕೊನೇ ಸಾಲನ್ನ "ವಿ ಆರ್ ಗ್ಲ್ಯಾಡ್ ಯು ಆರ್ ಹಿಯರ್" ಅಂತ ಮುಗಿಸಿ. ನೀವು ಪ್ರೀತಿಯಿಂದ ಹೇಳಬೇಕು ಅಂದ್ಕೊಂಡಿದ್ದು ಅದನ್ನೇ ಅಲ್ವಾ.

ತಂಗಿಗೆ ಮಾತ್ರ ಒಂದು ಎಚ್ಚರಿಕೆ ಹೇಳಿ. ಬೇಜಾರಿಗೆ ಫಾರ್ಮಿನಲ್ಲಿರೋ ಪದ ಬಿಟ್ಟು ಬೇರೆ ಬರೆಯೋದು, ಇಮಿಗ್ರಂಟ್ ಅಲ್ವಾ ನಾನು ಅಂತ ಆ ಖಾನೆಗೆ ಟಿಕ್ ಮಾಡೋದು ಬೇಡವೇ ಬೇಡ, ಅಲ್ಲಿ ಒಂದು ಟಿಕ್ ತಪ್ಪಿದ್ರೆ ಅರ್ಜಿ ವಾಪಸ್ ಬರೋದರಿಂದ ಹಿಡಿದು ತಪ್ಪು ಮಾಹಿತಿ ಕೊಟ್ರಿ ಅನ್ನೋ ಪ್ರಶ್ನೆ ತನಕ ಹೋಗಬಹುದು. ವೀಸಾ ಕಾಗದದಲ್ಲಿ ನಾನ್‌ಇಮಿಗ್ರಂಟ್, ಟ್ಯಾಕ್ಸ್ ಕಾಗದದಲ್ಲಿ ಆ ವರ್ಷದ ದಿನ ಎಣಿಸಿ ಬಂದ ಉತ್ತರ, ಅನುಮಾನ ಇದ್ರೆ ಅಲ್ಲಿನ ಟ್ಯಾಕ್ಸ್ ಸಲಹೆಗಾರರನ್ನ ಕೇಳಲಿ. ಆಫೀಸಲ್ಲಿ ಯಾರಾದ್ರೂ ಪರಿಚಯ ಮಾಡಿಸೋವಾಗ ಎಕ್ಸ್‌ಪ್ಯಾಟ್ ಅಂದ್ರೆ, ನಾನು ಇಲ್ಲೇ ಇರೋಳು, ಇಷ್ಟು ವರ್ಷದಿಂದ ಈ ಊರಲ್ಲಿದ್ದೀನಿ ಅಂತ ನೇರವಾಗಿ ಹೇಳಲಿ. "ಐ ಲಿವ್ ಹಿಯರ್" ಅನ್ನೋ ಮೂರು ಪದ ಸಾಕು, ಅದಕ್ಕೆ ಯಾವ ಕಾನೂನಿನ ವ್ಯಾಖ್ಯಾನನೂ ಅಡ್ಡ ಬರಲ್ಲ.